ಕಾವಲುಗಾರ ನೆಟ್ಟ ತೆಂಗು

ಅಗ್ಬೆಕೊನ ಎಡಗೈಯ ಎರಡು ಬೆರಳು ಹೋದದ್ದು ಪಡಸಾಲೆಯ ಕಿಟಕಿಗೆ ಚೌಕಟ್ಟು ಕೂರಿಸಿದ ವಾರ. ಅದರ ಹಿಂದಿನ ವಾರ ಅಡುಗೆಮನೆಯ ಕಪಾಟು ಮುಗಿದಿತ್ತು, ಅದಕ್ಕೂ ಹಿಂದಿನ ವಾರ ಮಾಡಿಗೆ ಕೊನೆಯ ಸಾಲು ರೀಪು ಹೊಡೆದಿದ್ದ. ಅವನಿಗೆ ತಾರೀಖು ನೆನಪಿರುವುದಿಲ್ಲ, ಇಸವಿಯನ್ನಂತೂ ಕೇಳಲೇಬೇಡಿ. ಯಾವ ವಾರ ಯಾವ ಮರಕ್ಕೆ ಉಳಿ ಬಿತ್ತು ಎನ್ನುವುದೇ ಅವನ ಪಂಚಾಂಗ. ಮದುವೆ, ಜ್ವರ, ಜಗಳ, ರಕ್ತ ಎಲ್ಲವನ್ನೂ ಅದಕ್ಕೇ ಕಟ್ಟಿ ಹೇಳುತ್ತಿದ್ದ.

ಮನೆ ಅವನದಲ್ಲ. ಹ್ಯಾಂಬರ್ಗ್‌ನಲ್ಲಿ ಮುದುಕರ ಮೈ ತೊಳೆದು ಬದುಕುವ ಒಫೆಬಿಯಾ ಎಂಬಾಕೆಯದು. ಕಸೋವಾ ಪೇಟೆ ದಾಟಿ ಕೆಮ್ಮಣ್ಣಿನ ದಾರಿ ಹಿಡಿದರೆ ಇಂಥ ಮನೆಗಳು ಸಾಲುಸಾಲಾಗಿ ನಿಂತಿವೆ. ನಮ್ಮಲ್ಲಿ ಮನೆ ಒಂದೇ ಉಸಿರಿಗೆ ಏಳುವುದಿಲ್ಲ. ಯಜಮಾನರು ಪರದೇಶದಲ್ಲಿ, ಗೋಡೆ ಇಲ್ಲಿ. ಒಂದು ವರ್ಷ ಪಾಯ, ಇನ್ನೆರಡು ವರ್ಷಕ್ಕೆ ಇಟ್ಟಿಗೆ, ಆಮೇಲೆ ಯಾವಾಗಲೋ ಮಾಡು. ಅಷ್ಟು ದಿನ ಬೇರೆಯವರು ನುಗ್ಗದಂತೆ ಒಂದು ಸಂಸಾರವನ್ನು ಒಳಗೆ ಕೂರಿಸುತ್ತಾರೆ. ಕಾವಲಿನವನಿಗೆ ಸಂಬಳವಿಲ್ಲ, ಅವನು ಬಾಡಿಗೆ ಕೊಡುವುದೂ ಇಲ್ಲ. ಹಿತ್ತಲಲ್ಲಿ ಮರಗೆಣಸು ನೆಡಬಹುದು, ಜೋಳ ಬಿತ್ತಬಹುದು. ಮರ ಮಾತ್ರ ನೆಡುವಂತಿಲ್ಲ. ಮರ ನೆಟ್ಟವನು ನಾಳೆ ನೆಲ ಕೇಳುತ್ತಾನೆ ಎನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಅಗ್ಬೆಕೊ ಕಾವಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಬಡಗಿಯೇ ಕಾವಲುಗಾರನಾಗಿ ಸಿಕ್ಕಿದ್ದು ಒಫೆಬಿಯಾಳ ಪುಣ್ಯ. ಮರ ಅವಳದು, ಕೈ ಇವನದು. ಕಾರು ನಿಲ್ಲಿಸಲೆಂದು ಕಟ್ಟಿದ ಕೋಣೆಯನ್ನೇ ಅವನು ಕಾರ್ಖಾನೆ ಮಾಡಿಕೊಂಡಿದ್ದ. ಮೊದಲ ವರ್ಷ ಅಲ್ಲಿದ್ದದ್ದು ಎರಡು ಡ್ರಮ್ಮಿನ ಮೇಲೆ ಒಂದು ಹಲಗೆ. ಆಮೇಲೆ ಗಟ್ಟಿ ಓಡುಮ್ ಮರದ ತುಂಡುಗಳನ್ನು ಕೀಲಿಸಿ ಸೊಂಟದೆತ್ತರದ ಬೆಂಚು ಮಾಡಿದ. ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಕಮ್ಮಾರನಲ್ಲಿ ಬಡಿಸಿ ಮರ ಹೆರೆಯುವ ಹತ್ತರಿಗೆ ಅಲಗು ಹಾಕಿದ. ಗೋಡೆಗೆ ಹಲಗೆ ಹೊಡೆದು ಉಳಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದ. ಭಾನುವಾರ ಚರ್ಚು ಮುಗಿಸಿ ಬಂದು, ಬಿಳಿ ಅಂಗಿಯಲ್ಲೇ ಫೋನು ಹಿಡಿದು ಮನೆಯೆಲ್ಲ ಸುತ್ತಿ, "ಮೇಡಂ, ಈ ವಾರದ ಕೆಲಸ ನೋಡಿ" ಎಂದು ವಿಡಿಯೊ ಕಳಿಸುವುದು ಅವನ ಪದ್ಧತಿ. ಆಕೆ ಅಲ್ಲಿಂದ ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. ಇವನು ಇಲ್ಲಿ ಅದಕ್ಕಿಂತ ಹೆಚ್ಚು ಹಿಗ್ಗುತ್ತಿದ್ದ.

ಅವನ ಹೆಂಡತಿ ಜಿಬೊರ್ದಿಗೆ ಮಾತ್ರ ಈ ಹಿಗ್ಗು ಅರ್ಥವಾಗುತ್ತಿರಲಿಲ್ಲ. ಒಂದು ಭಾನುವಾರ ಮೀನು ಹಸನು ಮಾಡುತ್ತ ಕೂತವಳು ಹೇಳಿಯೇಬಿಟ್ಟಳು.

"ವಾರವಾರ ನೀನು ನಮ್ಮ ಗಂಟುಮೂಟೆನೇ ಕಟ್ತಾ ಇದ್ದೀಯ. ಕೊನೇ ಬಾಗಿಲು ಹಾಕಿದ ದಿನ ನಾವು ಅದರ ಒಳಗಡೆ ಇರ್ತೀವೋ, ಹೊರಗಡೆ ಇರ್ತೀವೋ?"

ಅವನು ಉಳಿಯ ಅಲಗು ಮಸೆಯತೊಡಗಿದ. ಒಳ್ಳೆಯ ಕೆಲಸಗಾರರ ದೊಡ್ಡ ಮೂರ್ಖತನ ಇದೇ. ಕೈ ಕೆಲಸ ಮಾಡುವಾಗ ಕಣ್ಣು ಮುಂದಿನ ಕೀಲಿನಾಚೆ ಹೋಗುವುದಿಲ್ಲ.

ಪಡಸಾಲೆಯ ಕಿಟಕಿ ಕೂರಿಸಿದ ವಾರದ ಶನಿವಾರ ಬೆಳಗ್ಗೆ ಆರು ಜನ ಬಂದರು. ನೆಲಗಾವಲಿನವರು ಎಂದು ನಾವು ಕರೆಯುವ ಪುಂಡರು. ಕಾಯುವುದು ಹೆಸರಿಗೆ, ಕೆಡವುವುದು ಕಸುಬು. ಒಫೆಬಿಯಾಗೆ ಮಾರಿದ ಅದೇ ಜಾಗವನ್ನು ಆ ನೆಲದ ಮೂಲ ಒಡೆಯರ ಮನೆತನದ ಇನ್ನೊಂದು ಕವಲು ಬೇರೊಬ್ಬ ವ್ಯಾಪಾರಿಗೂ ಮಾರಿತ್ತು, ಇವರನ್ನು ಕಳಿಸಿದವನು ಅವನು. ಮುಖಂಡನನ್ನು ಎಲ್ಲರೂ ಸಿಮೆಂಟ್ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಅವನಿಗೇ ಮರೆತಿರಬೇಕು. ಅವನ ಕೈಯಲ್ಲಿ ಮಚ್ಚು, ಪಕ್ಕದವನ ಹೆಗಲ ಮೇಲೆ ಸುತ್ತಿಗೆ.

"ಪಕ್ಕಕ್ಕೆ ನಿಂತ್ಕೊ ಅಣ್ಣ," ಎಂದ ಸಿಮೆಂಟ್, ಸಿಟ್ಟೇನೂ ಇಲ್ಲದೆ. "ಇದು ನಿನ್ನ ಮನೆ ಅಲ್ಲ, ನನ್ನದೂ ಅಲ್ಲ. ನಮ್ಮಿಬ್ರಿಗೆ ಯಾಕೆ ಈ ಉಸಾಬರಿ?"

"ಕಿಟಕಿ ನಾನು ಮಾಡಿದ್ದು," ಎಂದ ಅಗ್ಬೆಕೊ.

ಸುತ್ತಿಗೆ ಮೊದಲು ಬಿದ್ದದ್ದು ಆ ಕಿಟಕಿಗೇ. ಚೌಕಟ್ಟಿನ ಮೂಲೆ ಬಿಟ್ಟುಕೊಂಡಿತು. ಎರಡನೇ ಏಟು ಬೀಳುವ ಮೊದಲು ಅಗ್ಬೆಕೊ ಎಡಗೈ ಚಾಚಿ ಚೌಕಟ್ಟನ್ನು ಅವುಚಿ ಹಿಡಿದ. ಸಿಮೆಂಟಿನ ಮಚ್ಚು ಇಳಿಯಿತು. ನೋವು ತಡವಾಗಿ ಬಂದಿತು, ಅದಕ್ಕೂ ಮೊದಲು ಬಲಗೈಯಲ್ಲಿದ್ದ ಬಾಚಿ ತಾನಾಗಿ ತಿರುಗಿ, ಅದರ ಹಿಂಬದಿಯ ಕಬ್ಬಿಣ ಸಿಮೆಂಟಿನ ದವಡೆಗೆ ಬಡಿಯಿತು. ಹಲ್ಲುಗಳು ಹೆರೆಚಕ್ಕೆಯ ಮೇಲೆ ಉದುರಿದವು. ಇನ್ನೊಬ್ಬ ಅಗ್ಬೆಕೊನ ಬೆನ್ನಿಗೆ ದೊಣ್ಣೆ ಇಟ್ಟ, ಮತ್ತೊಬ್ಬ ಹೊಟ್ಟೆಗೆ ಒದ್ದ. ಅಷ್ಟರಲ್ಲಿ ಜಿಬೊರ್ದಿ ಒಲೆಯ ಮೇಲಿದ್ದ ಮೀನಿನ ಬಾಣಲೆಯನ್ನು ಉಟ್ಟ ಬಟ್ಟೆಯ ಅಂಚಿನಿಂದ ಹಿಡಿದು ತಂದು, ಕುದಿಯುವ ತಾಳೆಯೆಣ್ಣೆಯನ್ನು ಸುತ್ತಿಗೆಯವನ ಎದೆಯ ಮೇಲೆ ಸುರಿದಳು. ಅವಳು ಆಗ ಐದು ತಿಂಗಳ ಬಸುರಿ. ಸುತ್ತಿಗೆಯವನು ಕೂಗಿದ ಕೂಗಿಗೆ ಅಕ್ಕಪಕ್ಕದ ಅರೆಮನೆಗಳ ಕಾವಲಿನವರೆಲ್ಲ ಗುದ್ದಲಿ ಹಿಡಿದು ಹೊರಬಂದರು. ಪುಂಡರು ತಮ್ಮ ಮುಖಂಡನನ್ನು ಎಳೆದುಕೊಂಡು ಓಡಿದರು.

ಬೆರಳುಗಳನ್ನು ಹೆರೆಚಕ್ಕೆಯ ರಾಶಿಯಲ್ಲಿ ಹುಡುಕಿ ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಅವನ್ನು ಕೂಡಿಸಲು ಆಗುವುದಿಲ್ಲ ಎಂದರು. ಅಗ್ಬೆಕೊ ಅವನ್ನು ವಾಪಸು ತಂದು ಹಿತ್ತಲ ಮೂಲೆಯಲ್ಲಿ ಹೂತ. ಮರುದಿನ ಭಾನುವಾರ, ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ವಿಡಿಯೊ ಕಳಿಸಿದ. ಒಫೆಬಿಯಾ ಫೋನಿನಲ್ಲೇ ಗೋಳೋ ಎಂದು ಅತ್ತಳು. ನೀನು ಕಾವಲುಗಾರನಲ್ಲ, ನನ್ನ ಒಡಹುಟ್ಟಿದವನು ಎಂದಳು. ಅತ್ತು ಮುಗಿದ ಮೇಲೆ ಕಿಟಕಿಯ ಇನ್ನೊಂದು ಪಕ್ಕ ಗಟ್ಟಿಯಾಗಿದೆಯೇ ಎಂದೂ ವಿಚಾರಿಸಿದಳು.

ಮುಂದೆ ಒಫೆಬಿಯಾಳ ಅಣ್ಣ ಲಾರ್ಬಿ ಆ ವ್ಯಾಪಾರಿಯ ಜೊತೆ ಕೂತು ರಾಜಿ ಮಾಡಿಕೊಂಡ. ಜಾಗದ ತಕರಾರು ಅಲ್ಲಿಗೆ ಮುಗಿಯಿತು. ಅಗ್ಬೆಕೊಗೆ ಉಳಿದದ್ದು ಮೂರು ಬೆರಳಿನ ಎಡಗೈ. ಹಲಗೆಯನ್ನು ಒತ್ತಿ ಹಿಡಿಯಲು ಅದಕ್ಕೆ ಕಸುವಿರಲಿಲ್ಲ. ಎರಡು ವಾರ ಬೆಂಚಿನ ಮುಂದೆ ಕೂತು ತನ್ನನ್ನೇ ಬೈದುಕೊಂಡ. ಮೂರನೇ ವಾರ ಬೆಂಚಿಗೆ ಎರಡು ತೂತು ಕೊರೆದು, ಹಗ್ಗ ಇಳಿಬಿಟ್ಟು, ಕೆಳಗೆ ತುಳಿಮಣೆ ಕಟ್ಟಿದ. ಕಾಲಿನಿಂದ ಅದುಮಿದರೆ ಹಗ್ಗ ಹಲಗೆಯನ್ನು ಬಿಗಿದು ಹಿಡಿಯುತ್ತಿತ್ತು, ಕೈಗೆ ಬಿಡುವು. ಆ ಭಾನುವಾರದ ವಿಡಿಯೊದಲ್ಲಿ ಮನೆಗಿಂತ ಹೆಚ್ಚಾಗಿ ತುಳಿಮಣೆಯೇ ಇತ್ತು. ಆಮೇಲೆ ಕೆಲಸ ಕುದುರೆಯ ಹಾಗೆ ಓಡಿತು. ಒಂದು ವಾರ ಮಲಗುವ ಕೋಣೆಯ ಬಾಗಿಲು, ಇನ್ನೊಂದು ವಾರ ಮೆಟ್ಟಿಲಿನ ಕಟಕಟೆ.

ಮಲಗುವ ಕೋಣೆಗೆ ಅಗುಳಿ ಹಾಕಿದ ವಾರ ಮಗಳು ಹುಟ್ಟಿದಳು. ಎಂಟನೇ ದಿನ ಮಗುವನ್ನು ಬಿಸಿಲಿಗೆ ತೋರಿಸಿ ಯಾಯ್ರಾ ಎಂದು ಹೆಸರಿಟ್ಟರು. ಅಷ್ಟು ಹೊತ್ತಿಗೆ ಹೊಕ್ಕುಳ ಬಳ್ಳಿ ಒಣಗಿ ಉದುರಿತ್ತು. ಅದನ್ನು ಅಪ್ಪನ ನೆಲದಲ್ಲಿ ಹೂತು ಮೇಲೊಂದು ಗಿಡ ನೆಡಬೇಕು. ಎಲ್ಲಿ ಬಳ್ಳಿ ಇದೆಯೋ ಅದು ಊರು. ಬಳ್ಳಿ ಹೂಳದ ಮಗು ದೊಡ್ಡದಾಗಿ ಯಾವ ಮನೆಯಲ್ಲೂ ನಿಲ್ಲದೆ ಅಲೆಯುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಾರೆ. ಆದರೆ ಅಗ್ಬೆಕೊಗೆ ನೆಲವೆಲ್ಲಿತ್ತು? ಕೇಟಾದ ಕಡೆ ಅವನಪ್ಪ ಕಟ್ಟಿದ ಮನೆಯನ್ನೂ ಅಂಗಳವನ್ನೂ ಸಮುದ್ರ ನುಂಗಿ ಇಪ್ಪತ್ತು ವರ್ಷವಾಗಿತ್ತು. ಅವನದೇ ಬಳ್ಳಿ ಈಗ ಉಪ್ಪುನೀರಿನ ಕೆಳಗೆ.

ಬಳ್ಳಿಯನ್ನು ನನ್ನ ತವರಿಗೆ ಕಳಿಸೋಣ ಎಂದಳು ಜಿಬೊರ್ದಿ. ಅವನು ಒಪ್ಪಲಿಲ್ಲ. ಹೆಣ್ಣಿನ ಕಡೆಯ ನೆಲದಲ್ಲಿ ಹೂತರೆ ಅಪ್ಪನಿಲ್ಲದ ಮಗು ಎಂದಾಗುತ್ತದೆ ಎಂದ. ಹಿತ್ತಲ ಮೂಲೆಯಲ್ಲಿ, ತನ್ನ ಬೆರಳು ಹೂತ ಜಾಗದ ಪಕ್ಕದಲ್ಲೇ, ಬಳ್ಳಿಯನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಹೂತು ಮೇಲೆ ತೆಂಗಿನ ಸಸಿ ನೆಟ್ಟ.

"ಬೇರೆಯವರ ಜಾಗದಲ್ಲಿ ಮರ ನೆಡ್ತಾ ಇದ್ದೀಯ," ಎಂದಳು ಜಿಬೊರ್ದಿ. "ಗೊತ್ತಿದ್ದೂ ಗೊತ್ತಿದ್ದೂ."

"ನನ್ನ ಮೈಯಿಂದ ಒಂದು ಪಾಲು ಈ ನೆಲ ತಿಂದಿದೆ. ಒಂದು ಗಿಡಕ್ಕೆ ಜಾಗ ಕೊಡಲ್ವಾ?"

ನೆಲಕ್ಕೆ ನ್ಯಾಯ ಗೊತ್ತಿದೆ ಎಂದು ನಂಬುವವನನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ವಾರಗಳು ಉರುಳಿದವು. ಕ್ರಿಸ್ಮಸ್ಸಿಗೆ ಒಫೆಬಿಯಾ ಬಂದು ಕುರಿ ಕಡಿದು ಗೃಹಪ್ರವೇಶ ಮಾಡುವುದೆಂದು ಗೊತ್ತಾಯಿತು. ಉಳಿದದ್ದು ಮುಂಬಾಗಿಲು ಒಂದೇ. ಒಂದು ಭಾನುವಾರ ಹಿತ್ತಲ ಬಾಗಿಲಿನ ತಿರುಗಣಿ ತೋರಿಸಲು ಅಗ್ಬೆಕೊ ಬಾಗಿಲನ್ನು ಪೂರ್ತಿ ತೆರೆದ. ಫೋನಿನ ಕಣ್ಣು ಆಚೆಗೂ ಹೋಯಿತು. ಒಫೆಬಿಯಾ ತಿರುಗಣಿಯನ್ನು ನೋಡಿ ಮೆಚ್ಚಿದಳು. ಅವಳು ವಿಡಿಯೊವನ್ನು ಅಣ್ಣನಿಗೂ ಕಳಿಸಿದಳು, ಲಾರ್ಬಿ ಮಾತ್ರ ತೆಂಗನ್ನು ನೋಡಿದ. ಸಸಿ ಆಗಲೇ ಸೊಂಟದೆತ್ತರ ಬಂದಿತ್ತು.

ಆ ಸಂಜೆಯ ಫೋನಿನಲ್ಲಿ ಒಫೆಬಿಯಾಳ ದನಿ ಬೇರೆಯಾಗಿತ್ತು. ಯಾರನ್ನು ಕೇಳಿ ನೆಟ್ಟೆ ಎಂದು ಕೇಳಿದಳು. ಅವನು ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಅದೇ ತಪ್ಪಾಯಿತು. ಬರೀ ತೆಂಗೆಂದಿದ್ದರೆ ಕಿತ್ತು ಮುಗಿಸುತ್ತಿದ್ದರು. ಬಳ್ಳಿ ಹೂತಿದ್ದೇನೆ ಎಂದರೆ ಈ ಜಾಗ ನನ್ನ ಮಗಳ ಊರು ಎಂದು ಸಾರಿದ ಹಾಗೆ.

"ನಾನು ಹೋಗ್ತೀನಿ ಮೇಡಂ," ಎಂದ ಅಗ್ಬೆಕೊ. "ಮುಂಬಾಗಿಲು ನಿಲ್ಲಿಸಿ, ಬೀಗದ ಕೈ ಕೊಟ್ಟು, ಹೆಂಡತಿ ಮಗು ಕರ್ಕೊಂಡು ಹೋಗ್ತೀನಿ. ಏನೂ ಕೇಳಲ್ಲ. ಆ ಮೂಲೆ ಅಗೀಬೇಡಿ, ಅಷ್ಟೇ. ಗಿಡ ನಿಮ್ಮದೇ, ಕಾಯಿ ನಿಮ್ಮದೇ. ಕೆಳಗಿರೋದು ಮಾತ್ರ ಅಲ್ಲೇ ಇರಲಿ."

ಆಗಲಿ, ಅಣ್ಣನಿಗೆ ಹೇಳುತ್ತೇನೆ ಎಂದಳು ಒಫೆಬಿಯಾ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಮುಂಬಾಗಿಲಿಗೆ ಅಗ್ಬೆಕೊ ಐದು ವಾರ ತೆಗೆದುಕೊಂಡ. ಒಂದೇ ಮರದಿಂದ ಸೀಳಿದ ಓಡುಮ್ ಹಲಗೆ, ಒಂದು ಮೊಳೆಯೂ ಇಲ್ಲದೆ ಬರೀ ಕೀಲಿನ ಮೇಲೆ ನಿಂತ ಬಾಗಿಲು. ಶುಕ್ರವಾರ ಸಂಜೆ ಅದನ್ನು ನಿಲ್ಲಿಸಿ ಒಂದು ಬೆರಳಿನಿಂದ ದೂಡಿದ. ಸದ್ದಿಲ್ಲದೆ ಮುಚ್ಚಿಕೊಂಡಿತು. ಜಿಬೊರ್ದಿ ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಳು. ಭಾನುವಾರ ಚರ್ಚು ಮುಗಿಸಿ ಹೊರಡುವುದೆಂದು ಮಾತಾಗಿತ್ತು.

ಲಾರ್ಬಿ ಶನಿವಾರ ಬೆಳಗ್ಗೆಯೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೀರಿನ ಬಾಟಲಿ. ಹಿಂದೆ ನಾಲ್ಕು ಜನ, ಪಿಕಾಸಿ, ಮಚ್ಚು. ಅವರಲ್ಲಿ ಒಬ್ಬನ ದವಡೆ ಪಕ್ಕಕ್ಕೆ ವಾಲಿತ್ತು. ಅಗ್ಬೆಕೊ ಗುರುತು ಹಿಡಿಯಲು ಎರಡು ಸಲ ನೋಡಬೇಕಾಯಿತು. ಅದು ಸಿಮೆಂಟ್. ಅಂದು ಈ ಮನೆ ಕೆಡವಲು ಬಂದವನನ್ನೇ ಲಾರ್ಬಿ ಇಂದು ಮನೆ ತೆರವು ಮಾಡಿಸಲು ಕರೆತಂದಿದ್ದ. ಪುಂಡರಿಗೆ ಹಳೆಯ ಪಕ್ಷ ಹೊಸ ಪಕ್ಷ ಎಂದೇನಿಲ್ಲ, ಯಾರು ಕರೆದರೆ ಅವರ ಹಿಂದೆ.

ಲಾರ್ಬಿ ಮುಂಬಾಗಿಲನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೇರ ಹಿತ್ತಲಿಗೆ ಹೋದ.

"ನಾಳೆ ಹೋಗ್ತಾ ಇದ್ದೀವಿ ಅಣ್ಣ," ಎಂದು ಅಗ್ಬೆಕೊ ಅವನ ಮುಂದೆ ಅಡ್ಡ ನಿಂತ. "ಮೇಡಂ ಒಪ್ಪಿದ್ದಾರೆ. ಕೇಳಿ ಬೇಕಾದರೆ."

"ಅವಳು ಅಲ್ಲಿ ಹಿಮದಲ್ಲಿ ಕೂತು ಒಪ್ತಾಳೆ. ನಾಳೆ ನಿನ್ನ ಮಗಳು ಲಾಯರ್ ಕರ್ಕೊಂಡು ಬಂದು ನನ್ನ ಬಳ್ಳಿ ಇಲ್ಲಿದೆ ಅಂದಾಗ ಉತ್ತರ ಕೊಡೋನು ನಾನು. ಇವತ್ತು ಕಿತ್ತರೆ ಒಂದು ಗಿಡ. ಬಿಟ್ಟರೆ ಹತ್ತು ವರ್ಷ ಕೋರ್ಟು."

ಲಾರ್ಬಿ ಕಣ್ಸನ್ನೆ ಮಾಡಿದ. ಇಬ್ಬರು ಅಗ್ಬೆಕೊನ ರಟ್ಟೆ ಹಿಡಿದರು. ಅವನು ಒಬ್ಬನ ಮೂಗಿಗೆ ಹಣೆಯಿಂದ ಗುದ್ದಿದ, ಮೂಗು ಒಡೆದು ರಕ್ತ ಇಬ್ಬರ ಮೇಲೂ ಚಿಮ್ಮಿತು. ಆಗ ಮಚ್ಚಿನ ಹಿಡಿಯಿಂದ ಅವನ ಕಿವಿಯ ಮೇಲೆ ಹೊಡೆದರು, ಮಂಡಿಗೆ ಒದ್ದು ಕೆಡವಿದರು, ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದರು. ಪಕ್ಕೆಲುಬು ಮುರಿದದ್ದು ಅವನಿಗೇ ಕೇಳಿಸಿತು. ಲಾರ್ಬಿ ಮಚ್ಚು ಇಸಿದುಕೊಂಡು ತೆಂಗನ್ನು ಒಂದೇ ಏಟಿಗೆ ಕತ್ತರಿಸಿದ. ಸಿಮೆಂಟ್ ಪಿಕಾಸಿಯಿಂದ ಬುಡಕ್ಕೆ ನಾಲ್ಕು ಏಟು ಹಾಕಿದ. ಐದನೆಯದಕ್ಕೆ ಮಣ್ಣಿನ ಜೊತೆ ಕೆಂಪು ಬಟ್ಟೆಯ ಅಂಚು ಮೇಲೆ ಬಂತು. ಪಕ್ಕದಲ್ಲೇ ಒಂದು ಸಣ್ಣ ಬೆರಳೆಲುಬು.

ಸಿಮೆಂಟ್ ಪಿಕಾಸಿಯನ್ನು ನೆಲಕ್ಕೆ ಹಾಕಿ ಹಿಂದೆ ಸರಿದ.

"ಗಿಡ ಕೀಳೋದು ಅಂತ ಕರೆದಿದ್ದು ನೀನು," ಎಂದ, ವಾಲಿದ ಬಾಯಿಯಿಂದ ಮಾತು ಅರ್ಧ ಒಡೆದು ಬರುತ್ತಿತ್ತು. "ಮಗೂನ ಬಳ್ಳಿ ಅಗಿಯೋ ಕೆಲಸ ಅಂತ ಹೇಳಿರಲಿಲ್ಲ. ನನಗೂ ಮಕ್ಕಳಿದ್ದಾರೆ."

ಲಾರ್ಬಿ ಅವನನ್ನು ಹೇಡಿ ಎಂದು ಬೈದು, ತಾನೇ ಪಿಕಾಸಿ ಎತ್ತಿಕೊಂಡ. ಅಗ್ಬೆಕೊನನ್ನು ನೆಲಕ್ಕೆ ಒತ್ತಿ ಹಿಡಿದಿದ್ದವರ ಕೈಗಳೂ ಸಡಿಲವಾಗಿದ್ದವು, ತಮ್ಮ ಮುಖಂಡನ ಮುಖ ನೋಡುತ್ತ ನಿಂತಿದ್ದರು. ಅಗ್ಬೆಕೊ ಕೊಸರಿಕೊಂಡು ಎದ್ದ. ಪಿಕಾಸಿ ಎತ್ತಿದ್ದ ಲಾರ್ಬಿ ತಿರುಗುವಷ್ಟರಲ್ಲಿ ಅಗ್ಬೆಕೊ ಅವನ ಕುತ್ತಿಗೆಗೆ ಹಾರಿದ. ಇಬ್ಬರೂ ಮರಗೆಣಸಿನ ಸಾಲಿನ ಮೇಲೆ ಉರುಳಿದರು. ಲಾರ್ಬಿ ಅವನ ಮುರಿದ ಪಕ್ಕೆಗೇ ಗುದ್ದಿದ, ಕಣ್ಣಿಗೆ ಹೆಬ್ಬೆಟ್ಟು ಒತ್ತಿದ. ಅಗ್ಬೆಕೊ ಆ ಹೆಬ್ಬೆಟ್ಟನ್ನು ಕಚ್ಚಿ ಎಲುಬು ಸಿಗುವ ತನಕ ಬಿಡಲಿಲ್ಲ. ಪಿಕಾಸಿ ಅವನ ಕೈಗೆ ಬಂತು. ಎಡಗೈಗೆ ಹಿಡಿತವಿಲ್ಲ, ಬಲಗೈ ಒಂದರಲ್ಲೇ ಅದರ ಮರದ ಕಾವಿನ ನಡುವೆ ಹಿಡಿದು ಹೊಡೆದ. ಮೊದಲ ಏಟು ಹೆಗಲಿಗೆ. ಎರಡನೆಯದು ಹಣೆಗೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಯಾಕೆಂದರೆ ಲಾರ್ಬಿ ಆಗಲೇ ಕೈ ಬಿಟ್ಟಿದ್ದ.

ಒಂಬತ್ತು ವರ್ಷದ ಕೆಲಸ ಆ ಕೈಯೊಳಗೆ ನುಗ್ಗಿ ಬಂತು. ಒಂದು ಏಟು ಕಿಟಕಿಗೆ, ಒಂದು ಏಟು ಕಪಾಟಿಗೆ, ಒಂದು ಮೆಟ್ಟಿಲಿಗೆ. ಎಲ್ಲೋ ಯಾರೋ ತನ್ನನ್ನು ಕರೆಯುತ್ತಿದ್ದಾರೆ ಎನ್ನಿಸಿತು. ಪಕ್ಕದ ಜಾಗದಿಂದಿರಬೇಕು ಎಂದುಕೊಂಡ. ಪಿಕಾಸಿ ಏಳುತ್ತಿತ್ತು, ಬೀಳುತ್ತಿತ್ತು. ಸಿಮೆಂಟಿನ ಹುಡುಗರು ಹಿಡಿಯಲು ಬಂದವರು ಹತ್ತಿರ ಬರಲಾರದೆ ದಾರಿಯ ಕಡೆ ಓಡಿದರು.

ತೋಳು ಸೋತಾಗ ಅಗ್ಬೆಕೊ ನಿಲ್ಲಿಸಿದ. ಲಾರ್ಬಿಯ ಇಸ್ತ್ರಿ ಅಂಗಿಯ ಮೇಲೆ ಮುಖವೆನ್ನುವಂಥದ್ದು ಏನೂ ಉಳಿದಿರಲಿಲ್ಲ. ಅಗ್ಬೆಕೊ ಹೆಣವನ್ನು ದಾಟಿ ಹೋಗಿ ಗುಂಡಿಯ ಅಂಚಿನಲ್ಲಿ ಪಿಕಾಸಿ ಹಿಡಿದು ನಿಂತ. ಅಕ್ಕಪಕ್ಕದ ಕಾವಲಿನವರು ಗೋಡೆಯಾಚೆ ಸೇರಿದ್ದರು. ಯಾರೂ ಒಳಗೆ ಕಾಲಿಡಲಿಲ್ಲ. ಅವರನ್ನು ನೋಡಿ ಅವನಿಗೆ ಒಂದು ಥರದ ಸಮಾಧಾನವೇ ಆಯಿತು. ಜೈಲಿಗೆ ಹೋಗುತ್ತೇನೆ, ಹೋಗಲಿ. ಮೂಲೆ ಉಳಿಯಿತು. ರಕ್ತ ಬಿದ್ದ ಈ ಜಾಗವನ್ನು ಇನ್ನು ಯಾರೂ ಅಗೆಯುವ ಧೈರ್ಯ ಮಾಡುವುದಿಲ್ಲ. ಮಗಳಿಗೆ ಊರಿದೆ.

ಓಡದೆ ಉಳಿದವನು ಸಿಮೆಂಟ್ ಒಬ್ಬನೇ. ಹಿತ್ತಲ ಬಾವಿಯ ಕಟ್ಟೆಯ ಮೇಲೆ ಕೂತಿದ್ದ.

"ಹತ್ತಿರ ಬರಬೇಡ," ಎಂದ ಅಗ್ಬೆಕೊ. "ನನ್ನ ಮಗಳದು ಇಲ್ಲಿದೆ."

"ಇಲ್ಲ ಅಣ್ಣ," ಎಂದ ಸಿಮೆಂಟ್. "ನೀನು ಅವನನ್ನ ಕೆಡವಿಕೊಂಡಾಗಲೇ ನಿನ್ನ ಹೆಂಡ್ತಿ ಬಂದು ಆ ಗಂಟು ತಗೊಂಡ್ಲು. ಮಗು ಬೆನ್ನ ಮೇಲಿತ್ತು. ಸಿಕ್ತು, ಬಿಡು, ಹೋಗೋಣ ಅಂದ್ಲು. ಮೂರು ಸಲ ಕರೆದ್ಲು ನಿನ್ನ. ಅವನು ಆಗಿನ್ನೂ ಉಸಿರಾಡ್ತಿದ್ದ."

ಅಗ್ಬೆಕೊ ಮನೆಯ ಕಡೆ ತಿರುಗಿದ. ಹಿತ್ತಲ ಬಾಗಿಲೂ ಮುಂಬಾಗಿಲೂ ಒಂದರ ನೇರಕ್ಕೆ ಒಂದು ತೆರೆದಿದ್ದವು. ಅವುಗಳ ನಡುವಿಂದ ಕೆಮ್ಮಣ್ಣಿನ ದಾರಿ ಕಾಣುತ್ತಿತ್ತು, ದಾರಿಯಲ್ಲಿ ಯಾರೂ ಇರಲಿಲ್ಲ. ಪಾತ್ರೆಯ ಮೂಟೆ ಪಡಸಾಲೆಯಲ್ಲೇ ಬಿದ್ದಿತ್ತು.

"ಸುಳ್ಳು ಹೇಳ್ತಿದ್ದೀಯ," ಎಂದು ಅವನು ಗುಂಡಿಗೆ ಇಳಿದ. ಪಿಕಾಸಿ ಬದಿಗಿಟ್ಟು ಕೈಯಿಂದಲೇ ಮಣ್ಣು ತೋಡತೊಡಗಿದ. ತೆಂಗಿನ ಬೇರು ಸಿಕ್ಕಿತು, ಬೆರಳೆಲುಬು ಸಿಕ್ಕಿತು, ಅದನ್ನು ಆಚೆ ಎಸೆದು ಮತ್ತೆ ತೋಡಿದ. ಪೊಲೀಸರು ಬಂದಾಗ ಗುಂಡಿ ಅವನ ಮೊಣಕಾಲು ಮುಚ್ಚುವಷ್ಟು ಆಳವಾಗಿತ್ತು, ಅವನು ಇನ್ನೂ ತೋಡುತ್ತಿದ್ದ.